ಡೀಸೆಲಕ್ಕ ಕೀಲಿ ಕೊಡಲಿಲ್ಲ

ಬಂಕಿನಲ್ಲಿ ಹೊಸಬನೊಬ್ಬ ಕಾರಿಗೆ ಪೆಟ್ರೋಲು ಹಾಕಲು ಹೊರಟಾಗ ಅವಳು ಬಾಗಿಲು ತೆರೆದು ಹಾರಿ ಬಂದು, ಅವನ ಕೈಯಿಂದ ನಳಿಗೆ ಕಿತ್ತುಕೊಂಡು, "ಡೀಸೆಲ್ಲು ಕಣಯ್ಯಾ, ಡೀಸೆಲ್ಲು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದಳು. ಅಂದಿನಿಂದ ಅವಳು ಡೀಸೆಲಕ್ಕ. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗಷ್ಟೇ ಗೊತ್ತು.

ಕಾರು ಗಂಡನದು. ಅವನು ಜ್ವರದಲ್ಲಿ ತೀರಿಹೋದ ಮೇಲೆ ನೆಂಟರೆಲ್ಲ ನಡುಮನೆಯಲ್ಲಿ ಕೂತು ಕಾರನ್ನು ಏನು ಮಾಡುವುದೆಂದು ಚರ್ಚಿಸುತ್ತಿದ್ದಾಗ, ಇವಳು ಎದ್ದು ಹೋಗಿ ಸ್ಟಿಯರಿಂಗಿನ ಮುಂದೆ ಕೂತಳು. "ಅಲ್ಲಿಂದ ಇನ್ನೂ ಇಳಿದಿಲ್ಲ" ಎನ್ನುವುದು ಅತ್ತೆಯ ವರ್ಣನೆ. ಬೆಳಗಿನ ಪಾಳಿಯ ನರ್ಸುಗಳನ್ನು ಆಸ್ಪತ್ರೆಗೆ ಬಿಟ್ಟು, ಪಾಳಿ ಮುಗಿಸಿದವರನ್ನು ಮನೆಗೆ ತಲುಪಿಸುವುದು ಅವಳ ಕಸುಬಾಯಿತು. ಗಂಡನ ಅಣ್ಣನಿಗೆ ಅದು ಒಂದು ದಿನವೂ ಸರಿಬರಲಿಲ್ಲ. ಹಳೆ ಕಾರುಗಳ ವ್ಯಾಪಾರಿಯಾದ ಅವನು ಹಬೆಯಾಡುವ ಕಾಫಿ ಲೋಟ ಹಿಡಿದುಕೊಂಡೇ ಕಾರಿನ ಟೈರಿಗೆ ಬೂಟಿನಿಂದ ಒದ್ದು ನೋಡುವವರ ಪೈಕಿ.

ಆ ವರ್ಷ ಚಳಿ ಹಲ್ಲು ಕಟಕಟಿಸುವಂತೆ ಬಿತ್ತು. ಕಾರು ಬೆಳಗ್ಗೆ ಎದ್ದೇಳುವುದನ್ನೇ ಬಿಟ್ಟಿತು. ಕೀಲಿ ತಿರುವಿದರೆ ಗುರ್ ಗುರ್ ಎಂದು ಗೊಣಗಿ, ಬೆಳ್ಳಗೆ ಒಂದಿಷ್ಟು ಹೊಗೆ ಉಗುಳಿ, ಸುಮ್ಮನಾಗುವುದು. ಬಿಸಿಲು ಏರಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ಅಷ್ಟರಲ್ಲಿ ನರ್ಸುಗಳು ಬಸ್ಸು ಹತ್ತಿಯಾಗಿರುತ್ತಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಚಳಿಯಲ್ಲಿ ಅದರ ಒಡಲು ಕಾಯಿಸಲು ಗ್ಲೋ ಪ್ಲಗ್ ಎಂಬ ಕಡ್ಡಿಗಳಿರುತ್ತವೆ. ಸ್ನಾನದ ನೀರಿಗೆ ಇಳಿಬಿಡುವ ಹೀಟರಿನ ತಮ್ಮಂದಿರು ಅನ್ನಿ. ಗ್ಯಾರೇಜಿನ ಮೇಸ್ತ್ರಿ ಈ ಕಾರಿನ ನಾಲ್ಕನ್ನೂ ಹೊಸದು ಹಾಕಿದ. ಮರುದಿನ ಬೆಳಗ್ಗೆ ಮತ್ತದೇ ಗುರ್ ಗುರ್.

"ಅಕ್ಕಾ, ಸ್ಟಿಯರಿಂಗಿನ ಮುಂದೆ ಸುರುಳಿ ಚಿತ್ರದ ದೀಪ ಹತ್ತುತ್ತಾ ಇದೆ, ಆರುತ್ತಾ ಇದೆ. ಅಂದ್ರೆ ಪ್ಲಗ್ಗುಗಳಿಗೆ ಕರೆಂಟು ಸರಿಯಾಗೇ ಹೋಗ್ತಾ ಇದೆ. ಎಂಜಿನ್ನೇ ಮುಗೀತು," ಎಂದು ಮೇಸ್ತ್ರಿ ಕೈ ಒರೆಸಿಕೊಂಡ.

ಸುದ್ದಿ ಭಾವನ ಕಿವಿಗೆ ಬಿದ್ದಿದ್ದೇ ತಡ, ಗುಜರಿಯವನನ್ನೂ ಕಾರು ಎಳೆಯುವ ಲಾರಿಯನ್ನೂ ಕರೆದುಕೊಂಡು ಬೆಳ್ಳಂಬೆಳಗ್ಗೆ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದ ತುಂಬ ಮರುಕ.

"ಕೀಲಿ ಕೊಡಮ್ಮಾ. ಸಾಕು ಈ ಹಟ. ನನ್ನ ಅಂಗಡೀಲಿ ಫೋನ್ ಎತ್ತೋಕೆ ಒಬ್ರು ಬೇಕು, ಬಾ. ನೆರಳಲ್ಲಿ ಕೂತಿರಬಹುದು."

"ಕೊಡಲ್ಲ ಭಾವ."

"ಸತ್ತ ಎಂಜಿನ್ ಇಟ್ಕೊಂಡು ಪೂಜೆ ಮಾಡ್ತೀಯಾ?"

"ಸತ್ತಿದೆ ಅಂತ ಯಾರು ಹೇಳಿದ್ದು? ಮಧ್ಯಾಹ್ನ ಓಡೋ ಹೆಣ ಎಲ್ಲಾದ್ರೂ ನೋಡಿದೀರಾ?"

ಗುಜರಿಯವನಿಗೆ ನಗು ತಡೆಯಲಾಗಲಿಲ್ಲ. ಭಾವ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು."

ಅತ್ತೆ ಶಾಲು ಬಿಗಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಮಗನನ್ನು ಮೇಲಿಂದ ಕೆಳಗೆ ನೋಡಿ, "ನಾನೇನು ಹೇಳ್ಲಿ? ಓಡಿಸೋಳು ಅವಳು," ಎಂದು ಸೀದಾ ಹೋಗಿ ಕಾರಿನೊಳಗೆ ಕೂತಳು. "ಏನು ತಿರುಗಿಸ್ಬೇಕೋ ಹೇಳೇ, ತಿರುಗಿಸ್ತೀನಿ."

ಮದುವೆಗೆ ಮುಂಚೆ ಡೀಸೆಲಕ್ಕ ಸೋದರಮಾವನ ಅಂಗಡಿಯಲ್ಲಿ ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಮಾವ ಆಟೋ ಎಲೆಕ್ಟ್ರಿಷಿಯನ್. ಹೊಲಿಗೆ ಯಂತ್ರದ ಪಕ್ಕದಲ್ಲೇ ಅವನ ಬೆಂಚು. ಎರಡು ವೈರು ಕಟ್ಟಿದ ಪುಟ್ಟ ಬಲ್ಬು ಹಿಡಿದು ಅವನು ಕರೆಂಟಿನ ಜಾಡು ಹಿಡಿಯುವುದನ್ನು ಅವಳು ದಾರ ಪೋಣಿಸುತ್ತಲೇ ನೋಡಿ ಕಲಿತಿದ್ದಳು. ಈಗ ಅಂಥದೇ ಒಂದು ಬಲ್ಬು ಕಟ್ಟಿಕೊಂಡು ಬಾನೆಟ್ಟು ಎತ್ತಿದಳು. ಭಾವ ಗಡಿಯಾರ ನೋಡಿಕೊಂಡ.

ಮೊದಲು ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿದಳು. ಬಲ್ಬಿನ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಒಂದೊಂದೇ ಪ್ಲಗ್ಗಿನ ತಲೆಗೆ. ಎಲ್ಲದರಲ್ಲೂ ಬಲ್ಬು ಹತ್ತಿತು. ಪ್ಲಗ್ಗು ಸರಿಯಿವೆ. ಆಮೇಲೆ ಒಂದು ತುದಿ ಎಂಜಿನ್ನಿನ ಮೈಗೆ ಸಿಕ್ಕಿಸಿ, ಇನ್ನೊಂದನ್ನು ಪ್ಲಗ್ಗುಗಳ ಕಡೆ ಬರುವ ದಪ್ಪ ವೈರಿಗೆ ಮುಟ್ಟಿಸಿದಳು.

"ಅತ್ತೆ, ಕೀಲಿ ಒಂದು ಸುತ್ತು. ಸ್ಟಾರ್ಟು ಮಾಡ್ಬೇಡಿ."

ಪ್ಲಗ್ಗುಗಳಿಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ರಿಲೇ, ಟಿಕ್ ಎಂದು ಸದ್ದು ಮಾಡಿತು. "ಸುರುಳಿ ದೀಪ ಹತ್ತಿತು ಕಣೇ!" ಎಂದಳು ಅತ್ತೆ. ಆದರೆ ಡೀಸೆಲಕ್ಕನ ಕೈಯ ಬಲ್ಬು ಕಪ್ಪಗೇ ಉಳಿಯಿತು.

ಸುರುಳಿ ದೀಪಕ್ಕೆ ಬೇರೆಯೇ ಒಂದು ಸಣ್ಣ ವೈರು. ಎಷ್ಟು ಹೊತ್ತು ಕಾಯಬೇಕೆಂದು ಹೇಳುವುದಷ್ಟೇ ಅದರ ಕೆಲಸ. ಕಡ್ಡಿ ಕಾದಿದೆಯೋ ಇಲ್ಲವೋ ಅದಕ್ಕೇನು ಗೊತ್ತು? ಮೇಸ್ತ್ರಿ ಆ ದೀಪವನ್ನು ನಂಬಿ ಕೆಟ್ಟಿದ್ದ. ಅವಳು ವೈರಿನ ಜಾಡು ಹಿಡಿದು ಹಿಂದಕ್ಕೆ ಹೋದಳು. ರಿಲೇ ಟಿಕ್ ಎಂದದ್ದು ಕೀಲಿಯಿಂದ ಬರುವ ಸಣ್ಣ ವೈರಿನಿಂದ; ಬ್ಯಾಟರಿಯಿಂದ ಬರುವ ದಪ್ಪ ವೈರಿನಲ್ಲಿ ಕರೆಂಟೇ ಇಲ್ಲ. ಅದಕ್ಕೂ ಹಿಂದೆ, ಬ್ಯಾಟರಿಯ ಬಳಿ, ಮಣ್ಣು ಮೆತ್ತಿದ ಕರಿ ಡಬ್ಬಿಯೊಂದರಲ್ಲಿ ಲೋಹದ ಪಟ್ಟಿಯ ಫ್ಯೂಸು. ಈ ಬದಿ ಮುಟ್ಟಿಸಿದರೆ ಬಲ್ಬು ಹತ್ತಿತು. ಆ ಬದಿ, ಇಲ್ಲ.

ಬಿಚ್ಚಿ ಬೆಳಕಿಗೆ ಹಿಡಿದಳು. ಸಡಿಲವಾಗಿದ್ದ ಸ್ಕ್ರೂ ಕಾದು ಕಾದು ಪಟ್ಟಿ ಕಂದಿತ್ತು. ಸ್ಕ್ರೂವಿನ ತಲೆ ಕೂರುವ ಜಾಗದಲ್ಲಿ ಪಟ್ಟಿಗೆ ಕೂದಲೆಳೆಯಂಥ ಬಿರುಕು.

"ಇದೇನಾ ಸತ್ತ ಎಂಜಿನ್ನು?" ಎಂದು ಭಾವನ ಮೂಗಿನ ಕೆಳಗೆ ಹಿಡಿದಳು. ಅವನು ಕನ್ನಡಕ ಸರಿಮಾಡಿಕೊಂಡ.

"ನನ್ನ ಹೇರ್‌ಪಿನ್ನು ಸಿಕ್ಕಿಸ್ತೀಯೇನೇ?" ಅತ್ತೆ ಆಗಲೇ ತುರುಬಿಗೆ ಕೈ ಹಾಕಿದ್ದಳು.

"ಬೇಡ ಅತ್ತೆ, ಕಾರೇ ಸುಟ್ಟುಹೋಗುತ್ತೆ. ಅಳತೆಯ ಫ್ಯೂಸೇ ಬೇಕು."

ಅವಳು ಬೀದಿಯ ಮೂಲೆಯ ಬಿಡಿಭಾಗಗಳ ಅಂಗಡಿಯವನನ್ನು ಎಬ್ಬಿಸಿ ಫ್ಯೂಸು ತರುವಷ್ಟರಲ್ಲಿ ಗುಜರಿಯವನು ಹೊರಡಬಹುದಿತ್ತು. ಹೊರಡಲಿಲ್ಲ, ಅವನಿಗೂ ಕುತೂಹಲ ಹುಟ್ಟಿತ್ತು. ಅವಳು ಹಸಿರುಗಟ್ಟಿದ ತುದಿಗಳನ್ನು ಉಜ್ಜಿ, ಹೊಸ ಫ್ಯೂಸು ಕೂರಿಸಿ, ಸ್ಕ್ರೂ ಬಿಗಿದು, ಮತ್ತೆ ಬಲ್ಬು ಮುಟ್ಟಿಸಿದಳು. ಹತ್ತಿತು. ಪ್ಲಗ್ಗಿನ ಪಟ್ಟಿಯನ್ನು ಜಾಗಕ್ಕೆ ಸೇರಿಸಿದಳು.

"ಈಗ ಅತ್ತೆ. ದೀಪ ಆರೋತನಕ ಕಾಯಿರಿ. ಆಮೇಲೆ ತಿರುಗಿಸಿ."

ಬಿಸಿಲು ಇನ್ನೂ ಏರಿರಲಿಲ್ಲ. ಅತ್ತೆ ಉಸಿರು ಹಿಡಿದು ಕಾದು ತಿರುಗಿಸಿದಳು. ಕಾರು ಒಂದೇ ಗುಟುರಿಗೆ ಎದ್ದು ನಿಂತಿತು. ಹಿಂದುಗಡೆ ನಿಂತಿದ್ದ ಭಾವನ ಬಿಳಿ ಅಂಗಿಗೆ ಹೊಗೆಯ ಅಭಿಷೇಕವಾಯಿತು.

"ಇವತ್ತು ಇದಾಯ್ತು. ನಾಳೆ ಇನ್ನೊಂದು ಕೆಡುತ್ತೆ," ಎಂದ, ಅಂಗಿ ಕೊಡವಿಕೊಳ್ಳುತ್ತ.

"ಕೆಡಲಿ. ನಾಳೆ ಅದನ್ನೂ ಹುಡುಕ್ತೀನಿ," ಎಂದಳು. ಅತ್ತೆಯನ್ನು ಪಕ್ಕದ ಸೀಟಿಗೆ ಸರಿಸಿ, ದಾರಿಗೆ ಅಡ್ಡವಾಗಿದ್ದ ಲಾರಿಗೆ ಹಾರ್ನು ಒತ್ತಿದಳು. ಒತ್ತಿದ ಕೈ ಲಾರಿ ಹಿಂದಕ್ಕೆ ಹೋಗುವತನಕ ತೆಗೆಯಲಿಲ್ಲ.

ಅವನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಮುಂದೆ ಕ್ಲಚ್ಚು ಹೋಯಿತು, ರೇಡಿಯೇಟರು ಸೋರಿತು. ಬಸ್ಸಿಗೆ ಹೋಗಿದ್ದ ನರ್ಸುಗಳಲ್ಲಿ ಕೆಲವರು ಮರಳಲಿಲ್ಲ. ಉಳಿದವರನ್ನು ಅವಳು ಆಸ್ಪತ್ರೆಯ ಗೇಟಿನಲ್ಲೇ ನಿಂತು ಜಗಳವಾಡಿ ಮರಳಿ ಕರೆತಂದಳು. ಕಾರು ಇನ್ನೂ ಕೆಲವು ಚಳಿಗಾಲ ಕಂಡಿತು. ಕೊನೆಗೆ ತಳ ತುಕ್ಕು ಹಿಡಿದು, ಕಾಲ ಕೆಳಗೆ ರಸ್ತೆ ಕಾಣತೊಡಗಿದಾಗ, ಯಾರನ್ನೂ ಕೇಳದೆ ಅವಳೇ ಗುಜರಿಗೆ ಓಡಿಸಿಕೊಂಡು ಹೋದಳು. ಎಳೆಯುವ ಲಾರಿ ಬೇಕಾಗಲಿಲ್ಲ. ಬರುವಾಗ ಬಸ್ಸಿನಲ್ಲಿ ಕೂತು, ಇನ್ನೊಂದು ಡೀಸೆಲ್ ಕಾರು ಎಲ್ಲಿ ಸಿಕ್ಕೀತೆಂದು ಚಾಲಕನನ್ನು ವಿಚಾರಿಸುತ್ತಿದ್ದಳು.