ಕಾಂಪೌಂಡರ ಮಾತ್ರೆ

ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ನನ್ನ ಯಜಮಾನರ ಪಕ್ಕದ ಹಾಸಿಗೆಯಲ್ಲಿ ಮಲಗಿರುತ್ತಿದ್ದರು ಕಾಂಪೌಂಡರು. ಇಬ್ಬರ ರಕ್ತವೂ ಡಯಾಲಿಸಿಸ್ ಯಂತ್ರಕ್ಕೆ ಹೋಗಿ ತೊಳೆಸಿಕೊಂಡು ಬರುತ್ತಿತ್ತು. ಕಾಂಪೌಂಡರು ಪುಸ್ತಕ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತು ದುಡಿದವರು. ಅಲ್ಲಿ ಯಾರಿಗೆ ಸೊಂಟ ಹಿಡಿದರೂ ಇವರ ಮೇಜಿನ ಖಾನೆಯಿಂದ ನೋವಿನ ಮಾತ್ರೆ ಸಿಗುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ‘ಕಾಂಪೌಂಡರು’.

“ಫೀಸು ಒಂದು ಲೋಟ ಟೀ ಅಷ್ಟೆ ಅಮ್ಮಾ,” ಎಂದು ನಕ್ಕಿದ್ದರು ಒಮ್ಮೆ. “ಎಲ್ಲರಿಗಿಂತ ಹೆಚ್ಚು ನುಂಗಿದವನು ಮಾತ್ರ ನಾನೇ.” ಕಿಡ್ನಿ ಹೋದದ್ದು ಅದರಿಂದಲೇ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಅದೇ ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಅವರ ಅಕ್ಕ ಕಿಡ್ನಿ ಕೊಡಲು ಮುಂದೆ ಬಂದರು. ಪರೀಕ್ಷೆ ಮಾಡಿದರೆ ಆಕೆಯ ಕಿಡ್ನಿಯೂ ಅರ್ಧ ಸೋತಿತ್ತು. ವೈದ್ಯೆ ತಮ್ಮನ ಹಾಸಿಗೆಯ ಬಳಿಯೇ ನಿಂತು, “ನೋವಿಗೆ ಮಾತ್ರೆ ಏನಾದ್ರೂ ತಗೊಳ್ತೀರಾ?” ಎಂದು ಅಕ್ಕನನ್ನು ಕೇಳಿದರು.

“ಇಲ್ಲಮ್ಮ, ಮಾತ್ರೆ ಅಂದ್ರೆ ನಂಗಾಗಲ್ಲ. ವಯಸ್ಸಾಯ್ತಲ್ಲ, ಅದಕ್ಕಿರ್ಬೇಕು.”

ವೈದ್ಯೆ ಬರೆದುಕೊಂಡರು. ಕಾಂಪೌಂಡರು ಕಣ್ಣು ಮುಚ್ಚಿಕೊಂಡರು. ಅಕ್ಕನಿಗೂ ದಿನಕ್ಕೆರಡು ಎತ್ತಿಡುತ್ತಿದ್ದೆ ಎಂದು ಹಿಂದಿನ ವಾರ ಅವರೇ ನನಗೆ ಹೇಳಿದ್ದರು. ಆದರೂ ನಾನು ನಡುವೆ ಬಾಯಿ ಹಾಕಲಿಲ್ಲ. ಹೇಳುವ ಧೈರ್ಯ ಅವರಿಗೆ ಕೊಡಪ್ಪಾ ಎಂದು ಒಳಗೇ ಬೇಡಿಕೊಂಡೆ.

“ಮೇಡಂ, ಅವಳು ಸುಳ್ಳು ಹೇಳ್ತಿದ್ದಾಳೆ,” ಎಂದರು ಕೊನೆಗೆ. “ಹನ್ನೆರಡು ವರ್ಷ ನಾನೇ ಕೊಟ್ಟಿದೀನಿ. ಇವತ್ತೂ ನುಂಗಿರ್ತಾಳೆ.”

ಅಕ್ಕನ ಮುಖ ಕೆಂಪೇರಿತು. “ನಿನ್ನ ಮಾನ ಉಳಿಸೋಕೆ ನಾನು ಒದ್ದಾಡಿದ್ರೆ, ನನ್ನನ್ನೇ ಸುಳ್ಳುಬುರುಕಿ ಮಾಡ್ತೀಯೇನೋ?”

“ನನ್ನ ಮಾನ ಕಟ್ಕೊಂಡು ನೀನೂ ಇಲ್ಲಿಗೆ ಬರ್ತೀಯಾ? ಹಾಸಿಗೆ ಖಾಲಿ ಇಲ್ಲ ಕಣೇ ಅಕ್ಕ.”

ವೈದ್ಯೆ ಅಕ್ಕನ ಕಡೆ ತಿರುಗಿದರು. “ಇವತ್ತಿಂದ ಒಂದೂ ಬೇಡ,” ಎಂದರು ವೈದ್ಯೆ. “ಉಳಿದಿರೋದನ್ನ ಕಾಪಾಡಿಕೊಳ್ಳೋಣ. ಹೋದದ್ದು ವಾಪಸ್ ಬರಲ್ಲ.”

ಅಕ್ಕ ತಮ್ಮನ ಕಾಲಿನ ಮೇಲಿನ ಹೊದಿಕೆ ಸರಿಮಾಡಿ, ಅವರ ಮುಖ ನೋಡದೆಯೇ ಹೊರಟುಹೋದರು.

ಸ್ವಲ್ಪ ಹೊತ್ತಾದ ಮೇಲೆ ಕಾಂಪೌಂಡರು ನನ್ನತ್ತ ತಿರುಗಿದರು. “ಅಮ್ಮಾ, ಪೆನ್ನಿದೆಯಾ? ನನ್ನ ಹತ್ರ ಮಾತ್ರೆ ತಗೊಂಡವರನ್ನೆಲ್ಲ ಬರ್ಕೊಳ್ಳಿ. ಅವರೂ ಪರೀಕ್ಷೆ ಮಾಡಿಸ್ಕೊಳ್ಳಲಿ.”

ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ ಒಬ್ಬೊಬ್ಬರನ್ನೇ ನೆನಪಿಸಿಕೊಂಡರು. ಅಂಟು ಹಚ್ಚುವ ಹೆಂಗಸು, ರಟ್ಟು ಕೂರಿಸುವ ಅಣ್ಣತಮ್ಮಂದಿರು, ಬಾಗಿಲು ಕಾಯುವ ಮುದುಕ. ಕೊನೆಗೆ ಇನ್ನೊಬ್ಬಳ ನೆನಪಾಯಿತು.

“ಒಬ್ಬಳಿದ್ದಳು. ಮೂರು ತಿಂಗಳು ಕೆಲಸಕ್ಕೆ ಬಂದು ಬಿಟ್ಟುಹೋದಳು. ತುಂಬಿದ ಬಸುರಿ. ಬೆನ್ನು ನೋವು ಅಂದಳು, ಹೋಗೋವಾಗ ಕೈತುಂಬ ಕೊಟ್ಟೆ. ಹೆಸರೂ ಕೇಳಲಿಲ್ಲ ನಾನು.”

ಅವಳನ್ನು ಎಲ್ಲಿ ಅಂತ ಹುಡುಕೋದು ಎಂದು ಕೇಳಿದರು. ಬಸುರಿ ಹೆಂಗಸು ಎಂದು ಬರೆದು, ಮುಂದೆ ಹೆಸರಿನ ಜಾಗ ಖಾಲಿ ಬಿಟ್ಟೆ.