ಚೈನ್ ಗಾಡಿಯ ಎಡಗಡೆ ಬ್ರೇಕು

ಬೊಮ್ಮಸಂದ್ರದ ಸುತ್ತಿನ ಹತ್ತು ಹಳ್ಳಿಗಳಲ್ಲಿ ಯಾವುದಾದರೂ ಡೀಸೆಲ್ ಎಂಜಿನ್ನು ಕೆಮ್ಮಿದರೆ ಜನ ಮೊದಲು ಮೇಸ್ತ್ರಿ ನರಸಿಂಹಯ್ಯನನ್ನು ನೆನೆಯುತ್ತಿದ್ದರು. ಆಮೇಲೆ ಅವನ ಬಾಯನ್ನು ನೆನೆದು, ನಾಳೆ ನೋಡೋಣ ಎಂದು ಸುಮ್ಮನಾಗುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರ ಬೆತ್ತ ಕಿತ್ತುಕೊಂಡು ಮುರಿದು ಶಾಲೆ ಬಿಟ್ಟ ಆಸಾಮಿ ಅವನು. ಜಮೀನು ಮಟ್ಟ ಮಾಡುವ ಸರ್ಕಾರಿ ಗಾಡಿಗಳ ಹಿಂದೆ ಗ್ರೀಸ್ ಡಬ್ಬ ಹೊತ್ತು, ತಮಿಳು ಮೇಸ್ತ್ರಿಯೊಬ್ಬನ ಕೈಲಿ ಒದೆ ತಿಂದು ತಿಂದು ಕೆಲಸ ಕಲಿತ. ಕಲಿತ ಮೇಲೆ ಆ ಒದೆಗಳನ್ನೆಲ್ಲ ಮಾತಿನಲ್ಲಿ ಊರಿಗೆ ಹಂಚಿದ. ರಿಪೇರಿಗೆ ಬಂದ ಪಂಪಿನ ಮುಂದೆ ಕೂತು ಪಂಪಿನ ಯಜಮಾನನ ಮೂರು ತಲೆಮಾರನ್ನು ಬೈಯುತ್ತಿದ್ದ. ಪಂಪು ಮಾತ್ರ ಓಡುತ್ತಿತ್ತು.

ಅಂಥವನು ಒಂಬತ್ತು ವರ್ಷದಿಂದ ಚೈನ್ ಗಾಡಿ ಮುಟ್ಟಿರಲಿಲ್ಲ. ರಬ್ಬರ್ ಗಾಲಿಯ ಬದಲು ಕಬ್ಬಿಣದ ಪಟ್ಟಿಯ ಮೇಲೆ ಓಡುವ ಟ್ರ್ಯಾಕ್ಟರಿಗೆ ನಮ್ಮ ಕಡೆ ಅನ್ನುವುದೇ ಹಾಗೆ, ಚೈನ್ ಗಾಡಿ. ಯಾರಾದರೂ ಕರೆದರೆ, "ಆ ದೆವ್ವದ ಕೆಲಸ ನಾನ್ ಬುಟ್ಟಿವ್ನಿ, ಓಗು" ಎಂದು ಗದರಿ ಕಳಿಸುತ್ತಿದ್ದ. ವಯಸ್ಸಾಯಿತು, ಸೊಂಟ ಹಿಡಿಯುತ್ತದೆ ಎಂದು ಜನ ಅಂದುಕೊಂಡಿದ್ದರು.

ಎಂಬತ್ನಾಲ್ಕನೇ ಇಸವಿ. ಹೊಸೂರು ರಸ್ತೆಯ ಎರಡೂ ಮಗ್ಗುಲಿಗೆ ಫ್ಯಾಕ್ಟರಿಗಳಿಗೆಂದು ಕಲ್ಲು ನೆಡುತ್ತಿದ್ದ ಕಾಲ. ರಾಗಿ ಹೊಲ, ಹುಣಸೆ ತೋಪು, ಗೋಮಾಳ ಎಲ್ಲವನ್ನೂ ಸಮತಟ್ಟು ಮಾಡಬೇಕಿತ್ತು. ಮಣ್ಣು ತಳ್ಳುವ ಗಾಡಿ ಇದ್ದವನೇ ರಾಜ. ಕಂಟ್ರಾಕ್ಟು ಹಿಡಿದಿದ್ದ ವೆಂಕಟೇಶಪ್ಪನವರಿಗೆ ತಮ್ಮ ಇಟ್ಟಿಗೆ ಗೂಡಿನ ಹಿಂದೆ ಬಿದ್ದಿದ್ದ ಹಳೇ ಚೈನ್ ಗಾಡಿ ಆಗ ನೆನಪಾಯಿತು. ನರಸಿಂಹಯ್ಯನಿಗೆ ಹೇಳಿ ಕಳಿಸಿದರು.

ಗಾಡಿಯ ಸುತ್ತ ಜಾಲಿ ಬೆಳೆದಿತ್ತು. ಸೀಟಿನ ರೆಕ್ಸಿನ್ನು ಇಲಿಗಳ ಪಾಲಾಗಿತ್ತು, ರೇಡಿಯೇಟರು ಗುಜರಿಯವರ ಪಾಲು. ಚೈನಿನ ಕೊಂಡಿಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು.

"ನೋಡು ಮೇಸ್ತ್ರಿ," ಅಂದರು ವೆಂಕಟೇಶಪ್ಪ. "ಎದ್ದೇಳ್ತದೆ ಅಂತ ನೀನಂದ್ರೆ ಮಾಡ್ಸಾನ. ಇಲ್ಲ ಅಂದ್ರೆ ಗುಜರಿಗೆ ಆಕಾನ. ನಿನ್ ಮಾತೇ ಕೊನೆ."

"ಗುಜರಿಗೇ ಆಕಿ ಯಜಮಾನ್ರೇ."

"ಅಲ್ಲಯ್ಯಾ, ಒಂದ್ ನಟ್ಟು ಬಿಚ್ಚಿಲ್ಲ, ಬಗ್ಗಿ ನೋಡಿಲ್ಲ..."

"ಹೆಣ ಅಂತ ಯೋಳಾಕೆ ಒಟ್ಟೆ ಕುಯ್ದು ನೋಡ್ಬೇಕಾ?"

ವೆಂಕಟೇಶಪ್ಪ ನಕ್ಕರು. "ನಿನ್ಗೆ ಕ್ವಾಪ ಬಂದೈತೆ. ಅಮಾಸೆ ಕಳೀಲಿ, ಇನ್ನೊಂದ್ ಕಿತ ಬಂದ್ ನೋಡು. ಆಗ್ಲೂ ಆಗಲ್ಲ ಅಂದ್ರೆ ಹೊಸೂರಿಂದ ಒಬ್ಬ ಫಿಟ್ಟರ್ನ ಕರ್ಸಿ ಬಿಚ್ಚಿಸ್ತೀನಿ."

ಬಿಚ್ಚಿಸುತ್ತೇನೆ ಎಂಬ ಆ ಒಂದು ಮಾತು ಕೇಳಿದ್ದೇ ನರಸಿಂಹಯ್ಯ ಗಾಡಿಗೆ ಬೆನ್ನು ಹಾಕಿ ಹೊರಟ.

ಆ ಗಾಡಿಯಲ್ಲಿ ಡ್ರೈವರಿನ ಕಾಲಡಿಯ ತಗಡು ಎತ್ತಿದರೆ ಏನು ಕಾಣುತ್ತದೆಂದು ಅವನೊಬ್ಬನಿಗೇ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ, ಡ್ರೈವರ್ ಗೋಪಾಲಪ್ಪ ಬಂದು "ಅಣ್ಣ, ಎಡಗಡೆ ಬ್ರೇಕು ಲೊಡಲೊಡ ಅಂತೈತೆ, ಒಸಿ ನೋಡು" ಅಂದಿದ್ದ. ಪೆಡಲಿಗೂ ಬ್ರೇಕಿನ ಸರಳಿಗೂ ಕೂಡಿಸುವ ಪಿನ್ನು ಸವೆದು ಎಲ್ಲೋ ಬಿದ್ದುಹೋಗಿತ್ತು. ಹೊಸ ಪಿನ್ನು ಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಒಂದು ದಿನದ ಕೆಲಸ ನಿಲ್ಲಬೇಕು. ನರಸಿಂಹಯ್ಯ ಕೈಗೆ ಸಿಕ್ಕ ದಪ್ಪ ಮೊಳೆಯೊಂದನ್ನು ತೂರಿಸಿ ತುದಿ ಬಗ್ಗಿಸಿದ. ಎಲ್ಲ ಮೇಸ್ತ್ರಿಗಳೂ ಮಾಡುತ್ತಿದ್ದದ್ದೇ. ಸೋಮವಾರ ಪಿನ್ನು ತಂದರಾಯಿತು ಅಂದುಕೊಂಡ.

"ತಡೀತದಾ ಅಣ್ಣ?" ಎಂದು ಗೋಪಾಲಪ್ಪ ಎರಡು ಸಲ ಕೇಳಿದ.

ಎರಡನೇ ಸಲ ಕೇಳಿದ್ದೇ ತಪ್ಪಾಯಿತು. "ಎದ್ರಿಕೆ ಇರಾದು ನಿನ್ ಕಾಲಿಗೆ, ಗಾಡಿಗಲ್ಲ. ಅತ್ತಲಾ ಮೇಲೆ!" ಎಂದು ನರಸಿಂಹಯ್ಯ ಅರಚಿದ. ಮೊಳೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಗೋಪಾಲಪ್ಪ ಇಳಿಜಾರಿನಲ್ಲಿ ಆ ಬ್ರೇಕನ್ನು ನಂಬುತ್ತಲೇ ಇರಲಿಲ್ಲ.

ಮಧ್ಯಾಹ್ನ ಕಲ್ಲುಗಣಿಯ ಇಳಿಜಾರಿನಲ್ಲಿ ಗಾಡಿ ಎಡಕ್ಕೆ ತಿರುಗಬೇಕಾದ ಕಡೆ ಬಲಕ್ಕೆ ತಿರುಗಿತು. ಬಲಗಡೆ ಇದ್ದದ್ದು ಗುಂಡಿ. ಎರಡಾಳೆತ್ತರದಿಂದ ಮಗುಚಿದ ಗಾಡಿಯ ಕೆಳಗಿನಿಂದ ಗೋಪಾಲಪ್ಪನನ್ನು ತೆಗೆಯಲು ಸಂಜೆಯಾಯಿತು. ಗಾಡಿಯನ್ನು ಎಳೆದು ತಂದು ಇಟ್ಟಿಗೆ ಗೂಡಿನ ಹಿಂದೆ ಬಿಟ್ಟರು, ಆಮೇಲೆ ಯಾರೂ ಮುಟ್ಟಲಿಲ್ಲ. ಗಣಿಯ ಅಂಚಿನಲ್ಲಿ ಯಾರದೋ ಸಾರಾಯಿ ಸೀಸೆ ಬಿದ್ದಿತ್ತು. ಅಷ್ಟು ಸಾಕಾಯಿತು. ಎಡ ಯಾವುದು ಬಲ ಯಾವುದು ತಿಳಿಯದಷ್ಟು ಕುಡಿದಿದ್ದ ಅಂದರು. ಹಾಗೆಂದೇ ಪೊಲೀಸರ ಕಾಗದದಲ್ಲೂ ಬರೆದರು. ಎಲ್ಲರಿಗಿಂತ ಜೋರಾಗಿ ಅಂದವನು ಸತ್ತವನ ಸ್ವಂತ ಅಣ್ಣ ಲಕ್ಷ್ಮಯ್ಯ. ಗೋಪಾಲಪ್ಪ ಕುಡಿಯುತ್ತಿದ್ದ, ಸುಳ್ಳಲ್ಲ. ಆದರೆ ಶನಿವಾರ ತಿಮ್ಮಪ್ಪನ ಒಪ್ಪತ್ತು, ಅವತ್ತು ಒಂದು ಹನಿ ಮುಟ್ಟುತ್ತಿರಲಿಲ್ಲ. ಅದು ಅವನ ಹೆಂಡತಿ ಚಿಕ್ಕಮುನಿಯಮ್ಮನಿಗೆ ಗೊತ್ತಿತ್ತು, ನರಸಿಂಹಯ್ಯನಿಗೆ ಗೊತ್ತಿತ್ತು. ಅವಳು ಬಾಯಿಬಿಟ್ಟು ಹೇಳಿದಳು, ಯಾರೂ ಕೇಳಲಿಲ್ಲ. ಇವನು ಬಾಯಿಯೇ ಬಿಡಲಿಲ್ಲ. ಊರಿಗೆಲ್ಲ ಬೈಯುವ ಬಾಯಿ ಅದು!

ಅಮಾವಾಸ್ಯೆ ಬಂತು. ಪಿತೃಪಕ್ಷದ ಕೊನೇ ದಿನ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆಯೆಲೆಯ ಮೇಲಿಟ್ಟು ಎಡೆ ಹಾಕುವುದು ನಮ್ಮ ಕಡೆಯ ಪದ್ಧತಿ: ಬಾಡು, ಮುದ್ದೆ, ಬೀಡಿ, ಎಲೆಯಡಿಕೆ, ಕುಡಿಯುವವರಿಗೆ ಸಾರಾಯಿ. ಚಿಕ್ಕಮುನಿಯಮ್ಮ ಎಂಟು ವರ್ಷ ಎಲ್ಲ ಇಟ್ಟಳು, ಸಾರಾಯಿ ಇಡಲಿಲ್ಲ. "ಅದಕ್ಕೋಸ್ಕರ ಪ್ರಾಣ ಬುಟ್ಟೋನಿಗೆ ಒಂದ್ ಗುಟುಕು ಇಡಾಕಿಲ್ವಲ್ಲಮ್ಮೀ" ಎಂದು ಲಕ್ಷ್ಮಯ್ಯ ಪ್ರತಿ ವರ್ಷ ಹಂಗಿಸಿದ. ಅವಳು ಪ್ರತಿ ವರ್ಷ ಇಲ್ಲ ಅಂದಳು. ಪ್ರತಿ ವರ್ಷ ನರಸಿಂಹಯ್ಯ ಗಂಡನ ಸ್ನೇಹಿತನೆಂದು ಕರೆಸಿಕೊಂಡು ಆ ಮನೆಯಲ್ಲಿ ಉಂಡು ಬಂದ.

ಈ ವರ್ಷ ಎಡೆಯ ಪಕ್ಕದಲ್ಲಿ ಗಾಜಿನ ಲೋಟ ಇತ್ತು. ಸಾರಾಯಿಯ ವಾಸನೆ ಸಾಂಬ್ರಾಣಿಗಿಂತ ಮುಂದೆ ಬಂದು ಮೂಗಿಗೆ ಬಡಿಯಿತು.

"ಏನಮ್ಮೀ ಇದು?" ಅಂದ ನರಸಿಂಹಯ್ಯ.

ಚಿಕ್ಕಮುನಿಯಮ್ಮ ಅವನ ಮುಖ ನೋಡಲಿಲ್ಲ. ಬೆಳಗಿನಿಂದ ರಸ್ತೆ ಬದಿ ಹೊಸದಾಗಿ ಎದ್ದಿದ್ದ ಫ್ಯಾಕ್ಟರಿಯಲ್ಲಿ ಕಸ ಗುಡಿಸಿ ಬಂದು ಅಡುಗೆ ಮಾಡಿದ್ದಳು. "ಇನ್ನೆಷ್ಟ್ ವರ್ಸ ಇಲ್ಲ ಇಲ್ಲ ಅನ್ಲಿ ಅಣ್ಣ? ಊರೆಲ್ಲ ಒಂದೇ ಮಾತು ಅಂತದೆ. ಅವತ್ತು ಕುಡಿದಿದ್ರೂ ಕುಡಿದಿರಬೌದು. ನಾನೇನ್ ಜೊತೆಗೋಗಿದ್ನಾ? ನನ್ಗೇ ಸುಳ್ಳು ಯೋಳಿದ್ರೇನೋ ಅನ್ನಿಸ್ತದೆ ಈಗೀಗ. ಬೈಕೋತೀನಿ ಅವರ್ನ, ದಿನಾ ಬೈಕೋತೀನಿ."

ಲಕ್ಷ್ಮಯ್ಯ ಮೂಲೆಯಿಂದ, "ಈಗ ಬುದ್ಧಿ ಬಂತು ನೋಡು" ಅಂದ.

ನರಸಿಂಹಯ್ಯ ಊಟಕ್ಕೆ ಕೂರಲಿಲ್ಲ. ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಮಾರನೇ ದಿನ ಬೆಳಿಗ್ಗೆ ಇಟ್ಟಿಗೆ ಗೂಡಿನ ಹಿಂದೆ ಜಾಲಿ ಕಡಿದು, ನಟ್ಟುಗಳಿಗೆ ಸೀಮೆಎಣ್ಣೆ ಹುಯ್ದು, ಗಾಡಿಯ ಕಾಲಡಿಯ ತಗಡನ್ನು ಎತ್ತಿದ. ಆಮೇಲೆ ಚಿಕ್ಕಮುನಿಯಮ್ಮನನ್ನು ಕರೆದುಕೊಂಡು ಬಂದ. ಬ್ರೇಕಿನ ಸರಳು ಪೆಡಲಿನಿಂದ ಕಳಚಿಕೊಂಡು ಜೋತಾಡುತ್ತಿತ್ತು. ತೂತಿನಲ್ಲಿ ಮುರಿದ ಮೊಳೆಯ ಅರ್ಧ ತುಂಡು ಹಾಗೇ ಕಚ್ಚಿಕೊಂಡಿತ್ತು.

"ಇದು ನಾನ್ ಆಕಿದ್ದು," ಅಂದ. "ಅವನಿಗೆ ಯೋಳ್ಲಿಲ್ಲ. ಅವನು ಕುಡ್ದಿರಲಿಲ್ಲ."

ಅವಳು ಬಗ್ಗಿ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಅಳುತ್ತಾಳೆ, ಇಲ್ಲ ಹೊಡೆಯುತ್ತಾಳೆ ಎಂದು ಅವನು ಕಾದ.

"ನನ್ಗೊಬ್ಳಿಗೆ ಯಾಕ್ ತೋರಿಸ್ತೀಯ?" ಅಂದಳು. "ನಾನಾ ಅವರ್ನ ಕುಡುಕ ಅಂದಿದ್ದು ಮೊದ್ಲು? ಓಗಿ ಕಟ್ಟೆ ಮೇಲೆ ಯೋಳು."

ಹೇಳಿದ. ಅದೇ ಸಂಜೆ ಅರಳಿಕಟ್ಟೆಯ ಮುಂದೆ ನಿಂತು ಬಿಡಿಸಿ ಹೇಳಿದ. ಚೈನ್ ಗಾಡಿಗೆ ಸ್ಟೀರಿಂಗ್ ಇಲ್ಲ, ತಿರುಗಿಸಲು ಒಂದೊಂದು ಕಡೆಗೆ ಒಂದೊಂದು ಲಿವರು, ಒಂದೊಂದು ಬ್ರೇಕು. ಇಳಿಜಾರಿನಲ್ಲಿ ಗಾಡಿಯನ್ನು ಓಡದಂತೆ ಹಿಡಿದಿರುವುದು ಎಂಜಿನ್ನೇ. ಎಡಗಡೆ ಲಿವರು ಎಳೆದರೆ ಎಡಗಡೆ ಚೈನು ಆ ಹಿಡಿತದಿಂದ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡದ್ದು ಇಳಿಜಾರಿಗೆ ಮುಂದೋಡುತ್ತದೆ, ಗಾಡಿಯ ಮೂತಿ ಬಲಕ್ಕೆ ಹೊರಳುತ್ತದೆ. ಅದಕ್ಕೇ ಲಿವರು ಎಳೆಯುವಾಗಲೇ ಅದೇ ಕಡೆಯ ಬ್ರೇಕು ತುಳಿಯಬೇಕು. ಗೋಪಾಲಪ್ಪ ತುಳಿದ. ಬ್ರೇಕು ಇರಲಿಲ್ಲ.

ಕಟ್ಟೆ ಘೊಳ್ಳೆಂದು ನಕ್ಕಿತು.

"ಎಡಕ್ಕೆ ಎಳುದ್ರೆ ಬಲಕ್ಕೋಯ್ತದಾ? ನಮ್ ಎತ್ತು ಅಂಗ್ ಮಾಡುದ್ರೆ ಬಾರುಕೋಲ್ನಾಗೆ ಬಾರಿಸ್ತೀವಿ ಕಣಯ್ಯ!"

ಲಕ್ಷ್ಮಯ್ಯ ಮಾತ್ರ ನಗಲಿಲ್ಲ. "ಅವಳ ಅಳು ನೋಡಾಕಾಗ್ದೆ ಕಥೆ ಕಟ್ಕೊಂಡ್ ಬಂದವ್ನೆ. ಒಂಬತ್ ವರ್ಸ ಎಲ್ಲಿ ಮಡಗಿದ್ದೆ ಈ ಮೊಳೆಯ?" ಅಂದ.

ನರಸಿಂಹಯ್ಯ ಹುಟ್ಟಿದ ಮೇಲೆ ಮೊದಲ ಸಲ ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತ. ನಿಜ ಹೇಳಿದರೆ ಜನ ನಂಬುತ್ತಾರೆ ಅಂದುಕೊಳ್ಳುವುದು ದೊಡ್ಡ ಪೆದ್ದತನ. ಊರಿಗೆ ಒಂದು ಕಥೆ ರೂಢಿಯಾದ ಮೇಲೆ ದೇವರು ಬಂದು ಹೇಳಿದರೂ ಬಿಡುವುದಿಲ್ಲ.

ಚಿಕ್ಕಮುನಿಯಮ್ಮ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವನು ದಾಟಿ ಹೋಗುವಾಗ, "ಆ ಗಾಡಿ ಎಬ್ಬಿಸು" ಅಂದಳು. "ಬ್ರೇಕು ಅಂಗೇ ಇರ್ಲಿ. ಕೆರೆ ಏರಿ ಮೇಲಿಂದ ಇಳ್ಸು. ಎಲ್ಲ ನೋಡ್ಲಿ."

"ಮಗುಚಿಕೊಂಡ್ರೆ?"

"ಮಗುಚ್ಕೊಂಡ್ರೆ ನನ್ನ ಯಾಕ್ ಕೇಳ್ತೀಯ?"

ಮರುದಿನ ವೆಂಕಟೇಶಪ್ಪನವರಿಗೆ "ಎದ್ದೇಳ್ತದೆ" ಎಂದು ಹೇಳಿ ಬಂದ. ಮಿಕ್ಕದ್ದು ಹೇಳಲಿಲ್ಲ.

ಎರಡು ತಿಂಗಳು ಹಿಡಿಯಿತು. ಸಿಲಿಂಡರುಗಳಿಗೆ ಡೀಸೆಲ್ ಹುಯ್ದು ವಾರಗಟ್ಟಲೆ ನೆನೆಸಿದ. ಕಲಾಸಿಪಾಳ್ಯದ ಗುಜರಿಯಲ್ಲಿ ಹಳೇ ರೇಡಿಯೇಟರು ಹುಡುಕಿದ. ಚೈನಿನ ಒಂದೊಂದೇ ಕೊಂಡಿಯನ್ನು ಬೆಂಕಿಯಲ್ಲಿ ಕಾಯಿಸಿ, ಸುತ್ತಿಗೆಯಲ್ಲಿ ಬಡಿದು ಬಿಡಿಸಿದ. ಈ ಎರಡು ತಿಂಗಳು ಅವನು ಯಾರಿಗೂ ಬೈಯಲಿಲ್ಲ. ಹೆಂಡತಿ ಅಂಜಿನಮ್ಮ ಹೆದರಿ, "ಮೈಗೆ ಉಸಾರಿಲ್ವಾ? ಏನಾರ ಅನ್ನಬಾರ್ದಾ ನನ್ಗೆ" ಎಂದು ಕೇಳಿದಳಂತೆ.

ಎಂಜಿನ್ನು ಹತ್ತಿದ ದಿನ ವೆಂಕಟೇಶಪ್ಪ ಪೂಜೆ ಇಟ್ಟುಕೊಂಡರು. ಕುಂಬಳಕಾಯಿ ಒಡೆದರು, ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟರು. ಊರು ನೆರೆದಿತ್ತು. ನರಸಿಂಹಯ್ಯ ಹತ್ತಿ ಕೂತ, ನಿಂಬೆಹಣ್ಣು ತುಳಿಸಿದ, ಗೂಡಿನ ಕಡೆ ತಿರುಗಿಸಬೇಕಾದವನು ನೇರ ಕೆರೆಯ ಕಡೆ ಹೊರಟ. "ಎಲ್ಲಿಗೋ? ಲೇ ಮೇಸ್ತ್ರಿ, ಎಲ್ಲಿಗೋ?" ಎಂದು ವೆಂಕಟೇಶಪ್ಪ ಪಂಚೆ ಎತ್ತಿಕೊಂಡು ಹಿಂದೆ ಓಡಿದರು. ಅವರ ಹಿಂದೆ ಊರು ಓಡಿತು.

ಗಾಡಿ ಏರಿಯ ಮೇಲೆ ಹತ್ತಿ, ಮೂತಿ ಕೆಳಕ್ಕೆ ಮಾಡಿ ನಿಂತಿತು. ಕೆಳಗೆ ಬಲಗಡೆ ತೂಬಿನ ಕಲ್ಲುಕಟ್ಟಡ, ಎಡಗಡೆ ಬಯಲು. ನರಸಿಂಹಯ್ಯ ಸೀಟಿನ ಮೇಲಿಂದ ಕೂಗಿದ: "ಲಕ್ಷ್ಮಯ್ಯ! ನನ್ ಎಡಗೈ ನೋಡು. ಎಡಗಾಲು ನೋಡು. ಬೇರೆ ಏನೂ ನೋಡ್ಬೇಡ."

ಇಳಿಜಾರಿಗೆ ಬಿಟ್ಟ. ಅರ್ಧ ಇಳಿದ ಮೇಲೆ ಎಡಗಡೆ ಲಿವರನ್ನು ಎದೆಯವರೆಗೂ ಎಳೆದು, ಎಡಗಾಲಲ್ಲಿ ಬ್ರೇಕು ತುಳಿದ. ಪೆಡಲು ಕಟಾರೆಂದು ತಳಕ್ಕೆ ಬಡಿಯಿತು. ಎಡಗಡೆ ಚೈನು ಸಡಿಲ ಬಿಟ್ಟುಕೊಂಡು ಗಡಗಡ ಮುಂದೋಡಿತು. ಅಷ್ಟು ದೊಡ್ಡ ಗಾಡಿ, ಯಾರೋ ಮೂಗುದಾರ ಜಗ್ಗಿದ ಹಾಗೆ, ಬಲಕ್ಕೆ ತಿರುಗಿ ಕಲ್ಲುಕಟ್ಟಡದ ಕಡೆ ನುಗ್ಗಿತು. ಹೆಂಗಸರು ಕಿರುಚಿದರು. ಲಿವರು ಕೈಬಿಟ್ಟು, ಮುಂದಿದ್ದ ಮಣ್ಣು ತಳ್ಳುವ ಬ್ಲೇಡನ್ನು ನೆಲಕ್ಕೆ ಊರಿದ. ಬ್ಲೇಡು ಮಣ್ಣು ಸೀಳಿಕೊಂಡು ಹೋಗಿ, ಕಲ್ಲಿಗೆ ಒಂದು ಮಾರು ಇರುವಾಗ ಗಾಡಿ ನಿಂತಿತು.

ಯಾರೂ ನಗಲಿಲ್ಲ. ಲಕ್ಷ್ಮಯ್ಯ ನಿಂತಲ್ಲೇ ಕುಕ್ಕರಿಸಿ, ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಚಿಕ್ಕಮುನಿಯಮ್ಮ ಗಾಡಿಯ ಹತ್ತಿರಕ್ಕೆ ಬಂದಳು. ಎಂಜಿನ್ನು ಇನ್ನೂ ಓಡುತ್ತಿತ್ತು. ಅದು ಆರುವವರೆಗೂ ಕಾದಳು.

"ಅವರು ಎಡಕ್ಕೇ ತಾನೇ ಎಳ್ದಿದ್ದು?"

"ಎಡಕ್ಕೇ."

"ತುಳ್ದೂ ಇದ್ರು."

"ತುಳ್ದಿದ್ದ. ಎಲ್ಲ ಸರಿಯಾಗೇ ಮಾಡಿದ್ದ."

"ಇಷ್ಟನ್ನ ಅವತ್ತೇ ಯೋಳಿದ್ರೆ ನಾನವರ್ನ ಬೈಕೊಂಡು ಬದುಕ್ತಿರಲಿಲ್ಲ." ಅವಳ ದನಿ ಏರಲಿಲ್ಲ. "ಸಾಯ್ಸಿದ್ದು ಒಂದ್ ಕಿತ. ನರಸಿಂಹಯ್ಯ, ಆಮ್ಯಾಕೆ ಒಂಬತ್ ವರ್ಸ ನನ್ ಕೈಲಿ ಸಾಯ್ಸಿದ್ಯಲ್ಲ."

ಅಣ್ಣ ಅನ್ನಲಿಲ್ಲ. ಅವನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು, ಅದೇ ಕೊನೆ.

ಅವಳು ಹೋದ ದಾರಿ ಬಿಟ್ಟು ಜನ ಬೇರೆ ದಾರಿಯಲ್ಲಿ ಚದುರಿದರು. ಬಿಸಿಲು ಇಳಿಯುವವರೆಗೂ ನರಸಿಂಹಯ್ಯ ಸೀಟಿನಿಂದ ಕೆಳಗಿಳಿಯಲಿಲ್ಲ. ಕೊನೆಗೆ ವೆಂಕಟೇಶಪ್ಪನವರು ಒಬ್ಬರೇ ವಾಪಸು ಬಂದು, ಬ್ಲೇಡಿನ ಮುಂದೆ ಗುಡ್ಡೆಯಾದ ಮಣ್ಣನ್ನು ಕಾಲಿನಿಂದ ಒದ್ದು ನೋಡಿ, "ಆಗಿದ್ದಾಯ್ತು ಬುಡು ಮೇಸ್ತ್ರಿ. ಸೋಮವಾರ ಬೊಮ್ಮಸಂದ್ರಕ್ಕೆ ಗಾಡಿ ಬೇಕು. ಅಷ್ಟರಾಗೆ ಬ್ರೇಕು ಸರಿ ಮಾಡ್ಕೊಡ್ತೀಯಾ?" ಎಂದು ಕೇಳಿದರು.