ಡ್ಯೂಕನ್ನ ನಾನು ಕೊಂದದ್ದು

ಜರ್ಮನಿಯ ಹ್ಯಾನೋವರಿನಾಗ ನನ್ನ ಮಗಳ ಓಣಿ ಮೂಲ್ಯಾಗ ಒಂದು ಗಾಜಿನ ಕಪಾಟ ಅದ. ಯಾರರೆ ಪುಸ್ತಕ ಇಡಬಹುದು, ಯಾರರೆ ಒಯ್ಯಬಹುದು. ಅದರಾಗ ನನಗ ಇಂಗ್ಲಿಷ್ ಪ್ರೇಮಕಾದಂಬರಿ ಸಿಕ್ತು. ಇನ್ನೂರು ವರ್ಷದ ಹಿಂದಿನ ಲಂಡನ್, ಸೊಕ್ಕಿನ ಡ್ಯೂಕ್, ಬಾಯಿಬಡಕಿ ಟೀಚರಮ್ಮ. ಮನಿಗೆ ಒಯ್ದ್ರ, ಈ ವಯಸ್ಸಿನಾಗ ಅಪ್ಪಗ ಪ್ರೇಮಕಥಿ ಬೇಕಾತೇನಂತ ಮಗಳು ನಗ್ತಾಳಂತ ಅಲ್ಲೇ ಬೆಂಚಿನ ಮ್ಯಾಲೆ ಓದಿ, ಅಡಿಗಿ ಪುಸ್ತಕದ ಹಿಂದ ಬಚ್ಚಿಟ್ಟು ಬರ್ತಿದ್ದೆ. ಮರುದಿನ ನೋಡಿದ್ರ ಅದು ನಕಾಶೆಗಳ ಹಿಂದ ಇರ್ತಿತ್ತು! ದಿನಾ ಇದೇ ಕಥಿ. ಅಲ್ಲೇ ಸುಳಿದಾಡೋ ಕೆಂಪು ಟೊಪ್ಪಿಗಿ ಅಜ್ಜಿ ಮ್ಯಾಲೆ ನನಗ ಸಂಶಯ. ಆಕಿ ನನ್ನ ನೋಡೋ ನೋಟದಾಗ ನೂರು ಪೊಲೀಸರಿದ್ರು.

ಐದನೇ ದಿನ ಇಬ್ಬರ ಕೈನೂ ಒಂದೇ ಸಲ ಪುಸ್ತಕದ ಮ್ಯಾಲೆ ಬಿತ್ತು. ನನಗಿನ್ನ ಎರಡು ಅಧ್ಯಾಯ ಬಾಕಿ.

"ಬಿಡ್ರಿ ಮೇಡಂ, ನಾ ಪೂರ್ತಿ ಓದೀನಿ," ಅಂದೆ ಇಂಗ್ಲಿಷಿನಾಗ. "ಡ್ಯೂಕ್ ಕುದುರಿಯಿಂದ ಬಿದ್ದು ಸಾಯ್ತಾನ. ಟೀಚರಮ್ಮ ಸನ್ಯಾಸ ತಗೋತಾಳ. ಸುಮ್ನ ಯಾಕ ಅಳ್ತೀರಿ?"

ಆಕಿ ಕನ್ನಡಕ ಇಳಿಸಿದ್ಲು. "ಸುಳ್ಳು. ನಾನು ಮೂರು ಸಲ ಓದೀನಿ."

"ಹಂಗಾರ... ಮದುವಿ ಆಗ್ತದೇನ್ರಿ?"

"ಓದ್ರಿ," ಅಂದು ಪುಸ್ತಕ ಕೊಟ್ಟು ಪಕ್ಕದಾಗೇ ಕೂತ್ಲು, ವಾಪಸ್ ಇಡೋತನಕ ಕಾವಲು.

ಪುಸ್ತಕದಾಗ ಮದುವಿ ಆತು. ಮನಿಗೆ ಬಂದು ಮಗಳಿಗೆ, ಆ ಅಜ್ಜಿ ಎರಡು ತಾಸು ನನ್ನ ಪಕ್ಕ ಬಿಟ್ಟು ಏಳಲಿಲ್ಲ ಅಂದೆ. ಕಾವಲಿನ ಮಾತು ಎತ್ತಲಿಲ್ಲ.